ಬೈಗುಳವೇ ಅಡ್ಡಹೆಸರಾದಾಗ

ಹೋದ ವರ್ಷದ ನಮ್ಮ ಕವಿಗೋಷ್ಠಿಯಲ್ಲಿ ಕಾಲೇಜು ಓದುವ ಹುಡುಗನೊಬ್ಬ ಕೈಯಲ್ಲಿ ಕಾಗದವಿಲ್ಲದೆ ವೇದಿಕೆಗೆ ಬಂದು, ಮೈಕಿನ ಕಂಬವನ್ನು ಬೆರಳಿನಿಂದ ತಟ್ಟುತ್ತ, ಕನ್ನಡದೊಳಗೆ ಮರಾಠಿ ಬೆರೆತ ತನ್ನ ಓಣಿಯ ಮಾತಿನಲ್ಲಿ ಒಂದೇ ಉಸಿರಿಗೆ ನುಡಿದು ಇಳಿದುಹೋದದ್ದು ಸದಸ್ಯರಲ್ಲಿ ಹಲವರಿಗೆ ನೆನಪಿರಬಹುದು. ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆದರು. ಮುಂದಿನ ಸಾಲಿನ ಹಿರಿಯರು ಮುಖ ಮುಖ ನೋಡಿಕೊಂಡರು. ಊಟದ ಪಂಕ್ತಿಯಲ್ಲಿ ಎರಡು ಪ್ರಶ್ನೆಗಳೆದ್ದವು: ಇದು ಕವಿತೆಯೇ? ಇದು ಕನ್ನಡವೇ? ಕೇಳಿದವರಲ್ಲಿ ನಾವೂ ಸೇರಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ. ಬಳಿಕ ಈ ಪದ್ಧತಿಯ ಮೂಲವನ್ನು ಹುಡುಕುತ್ತ ಹೋದಾಗ, ಇವೇ ಪ್ರಶ್ನೆಗಳನ್ನು ಐವತ್ತು ವರ್ಷಗಳ ಹಿಂದೆ ನ್ಯೂಯಾರ್ಕಿನ ಬಡ ಕೇರಿಯೊಂದರಲ್ಲಿ ಬೇರೆ ಎರಡು ಭಾಷೆಗಳ ಕುರಿತು ಕೇಳಲಾಗಿತ್ತೆಂಬುದು ತಿಳಿದುಬಂದಿತು. ಆ ಚರಿತ್ರೆಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಪೋರ್ಟೊರಿಕೊ ಕೆರಿಬಿಯನ್ ಸಮುದ್ರದ ಒಂದು ದ್ವೀಪ. 1898ರ ಯುದ್ಧದ ತರುವಾಯ ಅದು ಸ್ಪೇನಿನ ಕೈತಪ್ಪಿ ಅಮೆರಿಕದ ಆಡಳಿತಕ್ಕೆ ಬಂದಿತು. 1917ರಲ್ಲಿ ಅಲ್ಲಿಯ ಜನರಿಗೆ ಅಮೆರಿಕದ ಪೌರತ್ವ ದೊರೆಯಿತು. ಇದ್ದಲ್ಲೇ ಇದ್ದು ಸರಕಾರ ಬದಲಾದವರ ಪಾಡನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ ಆ ದ್ವೀಪದಿಂದ ಲಕ್ಷಾಂತರ ಮಂದಿ ಕೆಲಸ ಹುಡುಕಿಕೊಂಡು ನ್ಯೂಯಾರ್ಕಿಗೆ ಬಂದು ನೆಲೆಸಿದರು. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್. ಮಕ್ಕಳ ನಾಲಗೆಯಲ್ಲಿ ಎರಡೂ ಕೂಡಿಕೊಂಡವು. ಶಾಲೆಯವರಿಗೆ ಅದು ತಪ್ಪು ಇಂಗ್ಲಿಷ್. ರಜೆಗೆ ದ್ವೀಪಕ್ಕೆ ಹೋದರೆ ಅಲ್ಲಿಯ ನೆಂಟರಿಗೆ ಅದು ಕೆಟ್ಟ ಸ್ಪ್ಯಾನಿಷ್. 'ನ್ಯೂಯಾರ್ಕ್' ಮತ್ತು 'ಪೋರ್ಟೊರಿಕನ್' ಎರಡನ್ನೂ ಹೊಸೆದು 'ನ್ಯೂಯೋರಿಕನ್' ಎಂದು ದ್ವೀಪದವರು ಇವರನ್ನು ಹಂಗಿಸುತ್ತಿದ್ದರು. ಬೆಂಗಳೂರಿನ ಕಚೇರಿಯೊಂದರಲ್ಲಿ ನಮ್ಮ ಮಾತು ಕೇಳಿ ನಗುತ್ತ "ನಿಮ್ಮದು ಯಾವ ಕನ್ನಡ್ರೀ?" ಎಂದ ಗುಮಾಸ್ತರ ಮುಖ ಈ ಭಾಗವನ್ನು ಓದುವಾಗ ನಮ್ಮ ಕಣ್ಣಮುಂದೆ ಬಂದಿತು.

ಆ ಹೊತ್ತಿಗೆ ನಗರದ ಕಪ್ಪು ಜನರ ಕೇರಿಗಳಲ್ಲಿ ಕವಿತೆ ಪುಸ್ತಕದಿಂದ ಬೀದಿಗೆ ಇಳಿದಿತ್ತು. 1965ರಲ್ಲಿ ಕವಿ ಅಮಿರಿ ಬರಾಕಾ ಹಾರ್ಲೆಮ್‌ನಲ್ಲಿ ಕಪ್ಪು ಕಲೆಗಳ ರಂಗಶಾಲೆಯನ್ನು ತೆರೆದರು. 1968ರ ಮೇ 19ರಂದು, ಕೊಲೆಯಾಗಿ ಮೂರು ವರ್ಷ ಸಂದಿದ್ದ ಮಾಲ್ಕಮ್ ಎಕ್ಸ್ ಅವರ ಜನ್ಮದಿನದಂದು, ಅದೇ ಹಾರ್ಲೆಮ್‌ನ ಉದ್ಯಾನವೊಂದರಲ್ಲಿ ಕೆಲವು ತರುಣರು ಕೂಡಿ ಕವಿತೆ ನುಡಿದರು. ಅವರು 'ಲಾಸ್ಟ್ ಪೊಯೆಟ್ಸ್' ಎಂದು ಹೆಸರಾದರು. ರ‍್ಯಾಪ್‌ನ ಹಿರಿಯರೆಂದು ಇಂದು ಅವರನ್ನು ನೆನೆಯುತ್ತಾರೆ. ಮರುವರ್ಷ ಪೇದ್ರೊ ಪಿಯೆತ್ರಿ ಎಂಬ ಪೋರ್ಟೊರಿಕನ್ ಕವಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸಿಪಾಯಿ, ತನ್ನವರ ಬಾಳಿನ ಮೇಲೆ ಬರೆದ ದೀರ್ಘ ಶೋಕಗೀತೆಯನ್ನು ಚಳವಳಿಗಾರರ ಸಭೆಯಲ್ಲಿ ಓದಿದನು. ಅದು ಅಚ್ಚಾದದ್ದು 1973ರಲ್ಲಿ. ಪುಸ್ತಕವಾಗುವ ಮೊದಲೇ ಅದು ಕಿವಿಯಿಂದ ಕಿವಿಗೆ ಹೋಗಿತ್ತು.

ಮಿಗೆಲ್ ಆಲ್ಗರೀನ್ ವಿಶ್ವವಿದ್ಯಾಲಯವೊಂದರಲ್ಲಿ ಶೇಕ್ಸ್‌ಪಿಯರ್ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕ. ಮಿಗೆಲ್ ಪಿನ್ಯೇರೊ ದರೋಡೆಯ ಅಪರಾಧಕ್ಕಾಗಿ ಸಿಂಗ್ ಸಿಂಗ್ ಸೆರೆಮನೆ ಕಂಡುಬಂದವನು. ಈ ಇಬ್ಬರ ಗೆಳೆತನದಿಂದಲೇ ಮುಂದಿನದೆಲ್ಲ ಹುಟ್ಟಿತು. 1973ರ ಸುಮಾರಿಗೆ ಮ್ಯಾನ್‌ಹಟನ್ನಿನ ಪೂರ್ವದಲ್ಲಿದ್ದ ಆಲ್ಗರೀನರ ಬಾಡಿಗೆ ಮನೆಯಲ್ಲಿ ಕವಿಗಳು ಕೂಡತೊಡಗಿದರು. ಮನೆ ಸಾಲದಾಯಿತು. 1975ರಲ್ಲಿ ಆರನೆಯ ಬೀದಿಯ ಮದ್ಯದಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಬಾಗಿಲಿಗೆ ಹೆಸರು ಬರೆಸಿದರು: 'ನ್ಯೂಯೋರಿಕನ್ ಪೊಯೆಟ್ಸ್ ಕೆಫೆ'. ದ್ವೀಪದವರು ಹಂಗಿಸುತ್ತಿದ್ದ ಅದೇ ಮಾತು! ಅದೇ ವರ್ಷ ಇಬ್ಬರೂ ಸೇರಿ ಅದೇ ಹೆಸರಿನಲ್ಲಿ ಕವನ ಸಂಕಲನವೊಂದನ್ನೂ ಸಂಪಾದಿಸಿದರು. ಎರಡು ಭಾಷೆಗಳು ಬೆರೆತ ಓಣಿಯ ಮಾತನ್ನು ಅದರಲ್ಲಿ ತಿದ್ದದೆ ಹಾಗೆಯೇ ಅಚ್ಚು ಹಾಕಿದರು. 'ಲೋವರ್ ಈಸ್ಟ್ ಸೈಡ್' ಎಂಬ ತಮ್ಮ ಕೇರಿಯ ಇಂಗ್ಲಿಷ್ ಹೆಸರನ್ನೂ ಆ ಜನರು ತಮ್ಮ ನಾಲಗೆಗೆ ಒಗ್ಗಿಸಿ 'ಲೊಯಿಸೈದಾ' ಎಂದರು. ನಗರಸಭೆ ಮುಂದೊಂದು ದಿನ ಆ ಹೆಸರಿನ ಫಲಕವನ್ನೇ ರಸ್ತೆಗೆ ಹಾಕಿತು.

ಪಿನ್ಯೇರೊ ಸೆರೆಮನೆಯಲ್ಲಿ ಬರೆಯತೊಡಗಿದ 'ಶಾರ್ಟ್ ಐಸ್' ನಾಟಕವನ್ನು ಬಿಡುಗಡೆಯಾದ ಕೈದಿಗಳೇ ಹೆಚ್ಚಾಗಿದ್ದ ತಂಡವೊಂದು 1974ರಲ್ಲಿ ಆಡಿತು. ಮೊದಲು ಒಂದು ಚರ್ಚಿನಲ್ಲಿ, ಬಳಿಕ ಪಬ್ಲಿಕ್ ಥಿಯೇಟರಿನಲ್ಲಿ, ಕೊನೆಗೆ ನಗರದ ಪ್ರತಿಷ್ಠೆಯ ಲಿಂಕನ್ ಸೆಂಟರಿನಲ್ಲಿ. ನ್ಯೂಯಾರ್ಕಿನ ನಾಟಕ ವಿಮರ್ಶಕರ ಮಂಡಳಿ ಅದನ್ನು ಆ ಸಾಲಿನ ಅತ್ಯುತ್ತಮ ಅಮೆರಿಕನ್ ನಾಟಕವೆಂದು ಆರಿಸಿತು. ಪಿನ್ಯೇರೊ ಮಾತ್ರ ಬೀದಿಯನ್ನೂ ಮಾದಕ ವಸ್ತುವನ್ನೂ ಬಿಡಲಿಲ್ಲ. 1988ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ ತೀರಿಕೊಂಡನು. ತನ್ನ ಬೂದಿಯನ್ನು ಆ ಕೇರಿಯಲ್ಲಿಯೇ ಚೆಲ್ಲಬೇಕೆಂದು ಅವನು ಕವಿತೆಯೊಂದರಲ್ಲಿ ಕೇಳಿಕೊಂಡಿದ್ದನು. ಗೆಳೆಯರು ಮೆರವಣಿಗೆಯಲ್ಲಿ ಹೋಗಿ ಹಾಗೆಯೇ ಮಾಡಿದರು.

ಕೆಫೆ ಮೊಳೆಯುತ್ತಿದ್ದ ದಿನಗಳಲ್ಲೇ, ಅದೇ ನಗರದ ಉತ್ತರದ ಬ್ರಾಂಕ್ಸ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಹೆದ್ದಾರಿಗಾಗಿ ಓಣಿಗಳನ್ನು ಸೀಳಿ, ಬಡವರನ್ನು ಎಬ್ಬಿಸಿ ಹಾಳುಗೆಡವಿದ ಪ್ರದೇಶವದು. 1973ರ ಆಗಸ್ಟ್ 11ರಂದು ಸೆಜ್ವಿಕ್ ಅವೆನ್ಯೂದ 1520ನೆಯ ನಂಬರಿನ ಕಟ್ಟಡದಲ್ಲಿ, ಜಮೈಕಾದಿಂದ ಬಂದ ಕುಟುಂಬದ ಹುಡುಗಿ ಸಿಂಡಿ ಕ್ಯಾಂಪ್‌ಬೆಲ್, ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ಹಣ ಬೇಕೆಂದು ಒಂದು ಕುಣಿತದ ಕೂಟ ಏರ್ಪಡಿಸಿದಳು. ಹಾಡಿನ ತಟ್ಟೆಗಳನ್ನು ತಿರುಗಿಸಿದವನು ಅವಳಣ್ಣ, ಡಿಜೆ ಕೂಲ್ ಹರ್ಕ್. ಹಾಡು ನಿಂತು ಬರೀ ತಾಳ ಉಳಿಯುವ ತುಣುಕಿಗೆ ಜನರು ಹೆಚ್ಚು ಕುಣಿಯುವುದನ್ನು ಗಮನಿಸಿ, ಅವನು ಆ ತುಣುಕನ್ನೇ ಲಂಬಿಸತೊಡಗಿದನು. ಮುಂದೆ ಒಂದೇ ತಟ್ಟೆಯ ಎರಡು ಪ್ರತಿಗಳನ್ನಿಟ್ಟು ಅದನ್ನು ಮತ್ತೆ ಮತ್ತೆ ನುಡಿಸುವ ಕೈಚಳಕ ಬೆಳೆಯಿತು. ಆ ತಾಳದ ಮೇಲೆ ಮೈಕು ಹಿಡಿದು ಪ್ರಾಸ ಕಟ್ಟಿ ನುಡಿಯುವುದು ರ‍್ಯಾಪ್ ಆಯಿತು. ನುಡಿ, ತಾಳ, ಕುಣಿತ, ಗೋಡೆಯ ಚಿತ್ರ ಇವು ಕೂಡಿದ್ದು ಹಿಪ್‌ಹಾಪ್. ಇಷ್ಟು ದೊಡ್ಡ ಕಲೆಯ ಹುಟ್ಟಿಗೆ ಒಂದು ಹುಡುಗಿಯ ಬಟ್ಟೆಯ ಆಸೆ ಕಾರಣವಾದುದನ್ನು ಚರಿತ್ರೆಕಾರರು ಅಡಿಟಿಪ್ಪಣಿಗೆ ತಳ್ಳಬಾರದೆಂದು ನಮ್ಮ ಅಭಿಪ್ರಾಯ.

ಕೆಫೆ ಎಂಬತ್ತರ ದಶಕದಲ್ಲಿ ಮೂರನೆಯ ಬೀದಿಯ ಸ್ವಂತ ಕಟ್ಟಡಕ್ಕೆ ಹೋಯಿತಾದರೂ ಕೆಲವು ವರ್ಷ ಬಾಗಿಲು ಮುಚ್ಚಿತ್ತು. 1989ರಲ್ಲಿ ಮತ್ತೆ ತೆರೆದಾಗ ಬಾಬ್ ಹೋಲ್ಮನ್ ಎಂಬ ಕವಿ ಅಲ್ಲಿ 'ಸ್ಲ್ಯಾಮ್' ಸ್ಪರ್ಧೆಯನ್ನು ಆರಂಭಿಸಿದನು. ಅದು ಷಿಕಾಗೊದಲ್ಲಿ ಮಾರ್ಕ್ ಸ್ಮಿತ್ ಎಂಬ ಕಟ್ಟಡ ಕೆಲಸಗಾರ ಕವಿ 1986ರಿಂದ ಮದ್ಯದಂಗಡಿಯೊಂದರಲ್ಲಿ ನಡೆಸಿಕೊಂಡು ಬಂದ ಪದ್ಧತಿ. ಸಭಿಕರಲ್ಲೇ ಐವರನ್ನು ಹಿಡಿದು ತೀರ್ಪುಗಾರರನ್ನಾಗಿ ಕೂರಿಸುವುದು. ಅವರು ಹತ್ತಕ್ಕೆ ಇಷ್ಟೆಂದು ಅಂಕದ ಹಲಗೆ ಎತ್ತುವುದು. ಕವಿಗೆ ಮೂರು ನಿಮಿಷ. ಕವಿತೆಗೆ ಅಂಕವೇ ಎಂದು ಪಂಡಿತರು ಮೂಗು ಮುರಿದರು. ಇಲ್ಲಿ ನಮಗೆ ನಮ್ಮ ಸೀಮೆಯ ಹರದೇಶಿ-ನಾಗೇಶಿ ಮೇಳಗಳು ನೆನಪಾಗುತ್ತವೆ. ಜಾತ್ರೆಯಲ್ಲಿ ಬೆಳಗಾಗುವವರೆಗೆ ಒಂದು ಮೇಳ ಸವಾಲು ಹಾಕುವುದು, ಇನ್ನೊಂದು ಜವಾಬು ಕೊಡುವುದು, ಸೋಲು ಗೆಲುವನ್ನು ನೆರೆದ ಜನವೇ ಕೂಗಿ ಹೇಳುವುದು ನಮ್ಮ ಹಿರಿಯರು ಕಂಡದ್ದೇ. ಅಂಕದ ಆಸೆಗೆ ಕೂಗಾಟ ಹೆಚ್ಚಿ ಅರ್ಥ ಸೊರಗುವ ದೋಷ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಆದರೂ 1996ರಲ್ಲಿ ಕೆಫೆಯ ದೊಡ್ಡ ಸ್ಲ್ಯಾಮ್ ಗೆದ್ದ ಸಾಲ್ ವಿಲಿಯಮ್ಸ್‌ನಂತಹ ಕವಿಗಳನ್ನು ಕೊಟ್ಟದ್ದೂ ಅದೇ ಕಣ.

ನುಡಿ ಹೀಗೆ ಪಳಗಿದ ಮೇಲೆ ನಾಟಕವಾಗಲು ತಡವಾಗಲಿಲ್ಲ. ಎಂಟೊಜಾಕಿ ಶಾಂಗೆ ಎಂಬಾಕೆ ಕವಿತೆ ಮತ್ತು ನೃತ್ಯವನ್ನು ಹೆಣೆದ ತನ್ನ ಪ್ರಯೋಗವನ್ನು 1976ರಲ್ಲೇ ಬ್ರಾಡ್‌ವೇ ರಂಗಮಂದಿರಕ್ಕೆ ಒಯ್ದು ದಾರಿ ಮಾಡಿದ್ದಳು. 2000ದಲ್ಲಿ ಡ್ಯಾನಿ ಹೋಕ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಹಿಪ್‌ಹಾಪ್ ರಂಗಭೂಮಿಗೆಂದೇ ಉತ್ಸವವನ್ನು ಆರಂಭಿಸಿದರು. ವಿಲ್ ಪವರ್ ಎಂಬ ಕಲಾವಿದನು ಗ್ರೀಕರ ಈಸ್ಕಿಲಸ್‌ನ ದುರಂತ ನಾಟಕವೊಂದನ್ನು ರ‍್ಯಾಪ್‌ನಲ್ಲಿ ಹೊಸದಾಗಿ ಕಟ್ಟಿ 'ದಿ ಸೆವೆನ್' ಎಂದು ಆಡಿಸಿದನು. 2002ರಲ್ಲಿ ಸ್ಲ್ಯಾಮ್ ಕವಿಗಳ ತಂಡವೊಂದು ಬ್ರಾಡ್‌ವೇಯಲ್ಲಿ ನಿಂತು ಕವಿತೆ ನುಡಿದು ಮರುವರ್ಷ ಟೋನಿ ಪ್ರಶಸ್ತಿ ಪಡೆಯಿತು. 2015ರ 'ಹ್ಯಾಮಿಲ್ಟನ್' ನಾಟಕದ ಕೀರ್ತಿಯನ್ನು ಮಕ್ಕಳೇ ಮನೆಯವರಿಗೆ ಹೇಳಿಯಾರು. ಅದನ್ನು ಬರೆದ ಲಿನ್-ಮ್ಯಾನ್ಯುಯೆಲ್ ಮಿರಾಂಡಾ ಕೂಡ ಪೋರ್ಟೊರಿಕನ್ ಮನೆತನದವನು ಎಂದಷ್ಟೇ ಸೇರಿಸಿ ಮುಂದೆ ಹೋಗುತ್ತೇವೆ.

ಇವೆಲ್ಲಕ್ಕಿಂತ ನಮಗೆ ಹತ್ತಿರದ್ದೆನಿಸಿದುದು ಸಾರಾ ಜೋನ್ಸ್ ಬರೆದು ತಾನೊಬ್ಬಳೇ ಅಭಿನಯಿಸಿದ 'ಬ್ರಿಡ್ಜ್ ಆ್ಯಂಡ್ ಟನಲ್'. 2004ರಲ್ಲಿ ಸಣ್ಣ ರಂಗಮಂದಿರದಲ್ಲಿ ಆರಂಭವಾಗಿ 2006ರಲ್ಲಿ ಬ್ರಾಡ್‌ವೇಗೆ ಬಂದು ವಿಶೇಷ ಟೋನಿ ಪ್ರಶಸ್ತಿ ಪಡೆದ ನಾಟಕವಿದು. ಇದರ ಹೆಸರೂ ಒಂದು ಹಂಗಿನ ಮಾತೇ. ಸೇತುವೆ ದಾಟಿ, ಸುರಂಗ ತೂರಿ ಹೊರಗಿನ ಬಡಾವಣೆಗಳಿಂದ ಬರುವವರನ್ನು ಮ್ಯಾನ್‌ಹಟನ್ನಿನ ಮಂದಿ ಹಾಗೆ ಕರೆದು ಕೀಳುಗಾಣುತ್ತಿದ್ದರು. ನಾಟಕದಲ್ಲಿ ನಡೆಯುವುದು ಒಂದು ಕವಿಗೋಷ್ಠಿ, ಅಷ್ಟೆ. ಕ್ವೀನ್ಸ್ ಬಡಾವಣೆಯಲ್ಲಿ ವಲಸೆಗಾರರು ಕಟ್ಟಿಕೊಂಡ ಕವಿಗಳ ಸಂಘ. ನಿರೂಪಕ ಮೊಹಮ್ಮದ್ ಅಲಿ ಪಾಕಿಸ್ತಾನದಿಂದ ಬಂದ ಲೆಕ್ಕಿಗ. ವಯಸ್ಸಾದ ಯಹೂದಿ ಅಜ್ಜಿ, ವಿಯೆಟ್ನಾಂ ಮೂಲದ ತರುಣ, ಜಮೈಕಾದ ಹೆಂಗಸು, ಚೀನಾದ ತಾಯಿ ಒಬ್ಬೊಬ್ಬರಾಗಿ ಎದ್ದುಬಂದು ತಮ್ಮ ತಮ್ಮ ಉಚ್ಚಾರದ ಇಂಗ್ಲಿಷಿನಲ್ಲಿ ತಮ್ಮದನ್ನು ಹೇಳುತ್ತಾರೆ. ನಡುನಡುವೆ ನಿರೂಪಕನ ಮೊಬೈಲು ಮೊಳಗುತ್ತದೆ. ಸರಕಾರದ ತನಿಖೆಯ ನೆರಳು ಅವನ ಮನೆಯ ಮೇಲೆ ಬಿದ್ದಿದೆ. ಅವನು ಸಭೆಯ ಕ್ಷಮೆ ಕೇಳಿ ಮುಂದಿನ ಕವಿಯನ್ನು ಕರೆಯುತ್ತಾನೆ.

ಈ ಸಲದ ಗೋಷ್ಠಿಯ ಪಟ್ಟಿಯಲ್ಲಿ ನಮ್ಮ ಓಣಿಯ ಆ ಹುಡುಗನ ಹೆಸರಿದೆ, ಅವನ ಜತೆ ಹೊಸಬರು ಇಬ್ಬರಿದ್ದಾರೆ. ನಿರೂಪಣೆಯ ಹೊಣೆಯನ್ನು ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ್ದಾರೆ.