ವಿತರಣಾ ವ್ಯಾನ್ ಮಾಡ್

ವಿತರಣಾ ವ್ಯಾನ್ ಮಾಡ್ ಎಂಬುದು ವಾಹನ ಚಾಲನೆಯ ವಿಡಿಯೊ ಆಟಗಳಿಗೆ ಅಭಿಮಾನಿಗಳು ರಚಿಸಿ ಸೇರಿಸುವ, ಸರಕು ಹಂಚುವ ಸಣ್ಣ ವಾಹನದ ಗಣಕ ಮಾದರಿ. ಆಟವನ್ನು ತಯಾರಿಸಿದ ಸಂಸ್ಥೆ ನೀಡದಿರುವ ವಾಹನವೊಂದನ್ನು ಆಟಗಾರರೇ ರೂಪಿಸಿ, ಬಹುಮಟ್ಟಿಗೆ ಉಚಿತವಾಗಿ ಹಂಚಿಕೊಳ್ಳುವುದು ಇದರ ವೈಶಿಷ್ಟ್ಯ. 'ಮಾಡ್' ಎಂಬುದು ಮಾರ್ಪಾಡು ಎಂಬ ಅರ್ಥದ 'ಮಾಡಿಫಿಕೇಶನ್' ಎಂಬ ಇಂಗ್ಲಿಷ್ ಪದದ ಹ್ರಸ್ವರೂಪ. ಕನ್ನಡದ 'ಮಾಡು' ಧಾತುವಿನೊಡನೆ ಉಚ್ಚಾರಣೆಯ ಸಾಮ್ಯವಿದ್ದರೂ ಸಂಬಂಧವಿಲ್ಲ.

ಹಿನ್ನೆಲೆ

1993ರಲ್ಲಿ ಬಿಡುಗಡೆಯಾದ 'ಡೂಮ್' ಆಟದಲ್ಲಿ ಚಿತ್ರ, ಧ್ವನಿ ಮತ್ತು ನಕ್ಷೆಗಳನ್ನು ಮೂಲ ತಂತ್ರಾಂಶದಿಂದ ಬೇರ್ಪಡಿಸಿ ಪ್ರತ್ಯೇಕ ಕಡತದಲ್ಲಿ ಇಡಲಾಗಿತ್ತು. ಇದರಿಂದ ಆಟದ ತಿರುಳನ್ನು ಮುಟ್ಟದೆಯೇ ಅದರ ಹೊರರೂಪವನ್ನು ಬದಲಿಸುವುದು ಸಾಧ್ಯವಾಯಿತು. 1999ರಲ್ಲಿ 'ಹಾಫ್-ಲೈಫ್' ಆಟದ ಮಾಡ್ ಆಗಿ ಹುಟ್ಟಿದ 'ಕೌಂಟರ್-ಸ್ಟ್ರೈಕ್' ಮುಂದೆ ಸ್ವತಂತ್ರ ಆಟವಾಗಿಯೇ ಮಾರಾಟವಾಯಿತು.

ಚಾಲನಾ ಆಟಗಳಲ್ಲಿ ಈ ರೂಢಿಗೆ ಹೆಚ್ಚು ಇಂಬು ಕೊಟ್ಟವುಗಳಲ್ಲಿ ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಸಂಸ್ಥೆಯ 'ಯುರೋ ಟ್ರಕ್ ಸಿಮ್ಯುಲೇಟರ್ 2' (2012) ಪ್ರಮುಖವಾದುದು. ಭಾರತದಲ್ಲಿ, ವಿಶೇಷವಾಗಿ ಮೊಬೈಲ್ ಬಳಸುವ ವಿದ್ಯಾರ್ಥಿಗಳಲ್ಲಿ, ಇಂಡೋನೇಷ್ಯಾದ ಮಲೆಯೊ ಸಂಸ್ಥೆಯ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' (2017) ಜನಪ್ರಿಯವಾಗಿದೆ. ಇಂಡೋನೇಷ್ಯಾದಲ್ಲಿಯೂ ಭಾರತದಂತೆ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಚಾಲಕನ ಆಸನ ಬಲಗಡೆ ಇರುತ್ತದೆ. ಆದ್ದರಿಂದ ಭಾರತೀಯ ವಾಹನಗಳು ಅಲ್ಲಿನ ನಕ್ಷೆಗೆ ಸಹಜವಾಗಿ ಹೊಂದಿಕೊಳ್ಳುತ್ತವೆ. ಕರ್ನಾಟಕ ಮತ್ತು ಕೇರಳದ ಅಭಿಮಾನಿಗಳು ಸರ್ಕಾರಿ ಹಾಗೂ ಖಾಸಗಿ ಬಸ್ಸುಗಳ ಜೊತೆಗೆ ಲಾರಿ, ಜೀಪು ಮತ್ತು ಸಣ್ಣ ಸರಕು ವಾಹನಗಳ ಮಾಡ್‌ಗಳನ್ನೂ ಈ ಆಟಕ್ಕೆ ರಚಿಸಿದ್ದಾರೆ.

ರಚನೆ

ವಾಹನದ ಮಾಡ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಅಂಗಗಳಿರುತ್ತವೆ.

1. ಆಕಾರ: ವಾಹನದ ಮೂರು ಆಯಾಮಗಳ ಮಾದರಿ. ಇದನ್ನು ಉಚಿತವಾಗಿ ದೊರೆಯುವ 'ಬ್ಲೆಂಡರ್'ನಂತಹ ತಂತ್ರಾಂಶದಲ್ಲಿ ರಚಿಸಬಹುದು. ಸಣ್ಣ ಸಣ್ಣ ತ್ರಿಕೋನ ಮತ್ತು ಚತುರ್ಭುಜಗಳ ಜೋಡಣೆಯಿಂದ ವಾಹನದ ಮೈ ರೂಪುಗೊಳ್ಳುತ್ತದೆ. ಇವುಗಳ ಸಂಖ್ಯೆ ಅತಿಯಾದರೆ ಸಾಧಾರಣ ಮೊಬೈಲ್‌ಗಳಲ್ಲಿ ಆಟ ತಡವರಿಸುತ್ತದೆ.
2. ಹೊದಿಕೆ: ಆಕಾರದ ಮೇಲೆ ಹಾಸುವ ಚಿತ್ರ. ಬಣ್ಣ, ಬರೆಹ, ಅಂಗಡಿಯ ಹೆಸರು, ತುಕ್ಕಿನ ಕಲೆ ಎಲ್ಲವೂ ಇದರಲ್ಲಿಯೇ ಇರುತ್ತವೆ. ಬಸ್ ಆಟಗಳಲ್ಲಿ ಇದಕ್ಕೆ 'ಲಿವರಿ' ಎನ್ನುತ್ತಾರೆ.
3. ಗುಣಲಕ್ಷಣಗಳು: ತೂಕ, ಎಂಜಿನ್ ಶಕ್ತಿ, ಗೇರುಗಳು, ಬ್ರೇಕು ಮುಂತಾದವುಗಳ ಮೌಲ್ಯಗಳು.
4. ಧ್ವನಿ: ಎಂಜಿನ್, ಹಾರನ್ ಮತ್ತು ಬಾಗಿಲುಗಳ ಶಬ್ದ.

'ಯುರೋ ಟ್ರಕ್ ಸಿಮ್ಯುಲೇಟರ್ 2' ಮುಖ್ಯವಾಗಿ ಟ್ರೇಲರ್ ಎಳೆಯುವ ದೊಡ್ಡ ಟ್ರಕ್ಕುಗಳಿಗಾಗಿ ರೂಪುಗೊಂಡ ಆಟ. ಅಲ್ಲಿ ಸರಕಿನ ಲೆಕ್ಕವೂ ಟ್ರೇಲರನ್ನೇ ಅವಲಂಬಿಸಿರುವುದರಿಂದ, ವ್ಯಾನ್ ರಚಿಸುವವರು ಕೆಲವೊಮ್ಮೆ ಕಣ್ಣಿಗೆ ಕಾಣದ ಟ್ರೇಲರೊಂದನ್ನು ವ್ಯಾನಿಗೆ ಜೋಡಿಸುವ ಉಪಾಯ ಮಾಡುತ್ತಾರೆ.

ಸ್ಥಳೀಯತೆ: ಶಿವಮೊಗ್ಗ ಮತ್ತು ಭದ್ರಾವತಿಯ ಉದಾಹರಣೆ

ಮಾಡ್ ಒಂದು ಊರಿನದಾಗಿ ತೋರುವುದು ಸಣ್ಣ ವಿವರಗಳಿಂದ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಓಡಾಡುವ ವಿತರಣಾ ವ್ಯಾನೊಂದನ್ನು ರೂಪಿಸಲು ಗಮನಿಸಬೇಕಾದ ಅಂಶಗಳು ಹೀಗಿವೆ. ಶಿವಮೊಗ್ಗದ ನೋಂದಣಿ ಸಂಕೇತ ಕೆಎ-14. ಬಾಡಿಗೆ ಅಥವಾ ವಾಣಿಜ್ಯ ಉದ್ದೇಶದ ವಾಹನಕ್ಕೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರಗಳಿರಬೇಕು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ.

ವಾಹನದ ಆಯ್ಕೆಯಲ್ಲಿಯೂ ಕಾಲಪ್ರಜ್ಞೆ ಅಗತ್ಯ. 1984ರಲ್ಲಿ ಬಂದ ಮಾರುತಿ ವ್ಯಾನ್ ಮುಂದೆ 'ಓಮ್ನಿ' ಎಂಬ ಹೆಸರಿನಿಂದ ಮನೆಮಾತಾಗಿ, 2019ರಲ್ಲಿ ತಯಾರಿಕೆ ನಿಲ್ಲಿಸಿತು. 2005ರಲ್ಲಿ ಬಂದ ಟಾಟಾ ಏಸ್ ಸಣ್ಣ ಸರಕು ಸಾಗಣೆಯ ಸ್ವರೂಪವನ್ನೇ ಬದಲಿಸಿತು. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವು 'ಶಿಮೊಗಾ' ಎಂಬುದರಿಂದ 'ಶಿವಮೊಗ್ಗ' ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಕಾಲದ ವ್ಯಾನಿನ ಮೇಲೆ ಹೊಸ ಕಾಗುಣಿತವಿದ್ದರೆ ಅದು ಕಾಲವಿರುದ್ಧವಾಗುತ್ತದೆ.

ದೂರದ ಲೆಕ್ಕವೂ ಕುತೂಹಲಕರ. ಈ ಎರಡು ಊರುಗಳ ನಡುವೆ ರಾಷ್ಟ್ರೀಯ ಹೆದ್ದಾರಿ 69ರಲ್ಲಿ ಸುಮಾರು 20 ಕಿ.ಮೀ. ಅಂತರವಿದೆ. 'ಯುರೋ ಟ್ರಕ್ ಸಿಮ್ಯುಲೇಟರ್ 2' ಆಟದ ಯುರೋಪ್ ನಕ್ಷೆಯ ಪ್ರಮಾಣ ಸಾಮಾನ್ಯವಾಗಿ 1:19. ಅದೇ ಪ್ರಮಾಣದಲ್ಲಿ ಈ ರಸ್ತೆಯನ್ನು ರಚಿಸಿದರೆ ಅದರ ಉದ್ದ ಒಂದು ಕಿ.ಮೀ.ಗಿಂತ ತುಸು ಹೆಚ್ಚಾಗುತ್ತದೆ. ಆಗ ಯಾವ ತಿರುವು, ಯಾವ ಸೇತುವೆ ಉಳಿಯಬೇಕೆಂಬುದನ್ನು ರಚನಕಾರನೇ ಆರಿಸಬೇಕಾಗುತ್ತದೆ.

ಕನ್ನಡ ಬರೆಹ

ವ್ಯಾನಿನ ಮೇಲಿನ ಬರೆಹವು ಚಿತ್ರದ ಭಾಗವಾಗಿರುವುದರಿಂದ ಆಟದಲ್ಲಿ ಕನ್ನಡ ಅಕ್ಷರಶೈಲಿ ಇಲ್ಲದಿದ್ದರೂ ಕನ್ನಡವನ್ನು ತೋರಿಸಬಹುದು. ಆದರೆ ಚಿತ್ರ ಸಿದ್ಧಪಡಿಸುವ ಕೆಲವು ಹಳೆಯ ತಂತ್ರಾಂಶಗಳು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. 'ಶಿವಮೊಗ್ಗ' ಎಂಬುದು 'ಶಿವಮೊಗ್‌ಗ' ಎಂದು ಒಡೆದು ಕಾಣಬಹುದು. ಯೂನಿಕೋಡ್ ಸಂಯೋಜನೆಯನ್ನು ಬೆಂಬಲಿಸುವ ತಂತ್ರಾಂಶವನ್ನು ಬಳಸಿದರೆ ಈ ದೋಷ ನಿವಾರಣೆಯಾಗುತ್ತದೆ.

ಹಕ್ಕುಗಳು

ಭಾರತದಲ್ಲಿ ಗಣಕ ತಂತ್ರಾಂಶಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಸಾಹಿತ್ಯ ಕೃತಿಯ ರಕ್ಷಣೆಯಿದೆ. ಕಂಪನಿಗಳ ಹೆಸರು ಮತ್ತು ಲಾಂಛನಗಳು 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮಾಡ್ ಉಚಿತವೆಂಬ ಒಂದೇ ಕಾರಣದಿಂದ ಈ ಹಕ್ಕುಗಳು ಇಲ್ಲವಾಗುವುದಿಲ್ಲ. ಆದ್ದರಿಂದ ಅನೇಕ ರಚನಕಾರರು ಕಾಲ್ಪನಿಕ ಅಂಗಡಿಗಳ ಹೆಸರುಗಳನ್ನು ಬಳಸುತ್ತಾರೆ. ಇನ್ನೊಂದೆಡೆ, ತಿಂಗಳುಗಟ್ಟಲೆ ದುಡಿದು ಮಾದರಿ ರಚಿಸಿದವರ ಹೆಸರನ್ನು ಅಳಿಸಿ, ಅದನ್ನು ತಮ್ಮದೆಂದು ಹಂಚುವ ಚಾಳಿಯೂ ಇದೆ. ಹಣ ಪಡೆದು ಮಾಡ್ ಮಾರುವುದು ಕೂಡ ವಿವಾದದ ವಿಷಯ. 2015ರ ಏಪ್ರಿಲ್‌ನಲ್ಲಿ ಸ್ಟೀಮ್ ತಾಣವು 'ಸ್ಕೈರಿಮ್' ಆಟಕ್ಕೆ ಹಣ ತೆತ್ತು ಕೊಳ್ಳುವ ಮಾಡ್‌ಗಳನ್ನು ಆರಂಭಿಸಿ, ಆಟಗಾರರ ವಿರೋಧದಿಂದ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು.

ಬಳಕೆ ಮತ್ತು ಎಚ್ಚರಿಕೆ

ಗಣಕದ ಆಟಗಳಲ್ಲಿ ಮಾಡ್ ಕಡತವನ್ನು ನಿಗದಿತ ಕಡತಕೋಶಕ್ಕೆ ಹಾಕಿ, ಆಟದೊಳಗಿನ ಪಟ್ಟಿಯಲ್ಲಿ ಸಕ್ರಿಯಗೊಳಿಸಬೇಕು. ಆಟದ ಆವೃತ್ತಿ ಬದಲಾದಾಗ ಹಳೆಯ ಮಾಡ್ ಕೆಲಸ ಮಾಡದಿರಬಹುದು. ಆದ್ದರಿಂದ ಉಳಿಸಿದ ಆಟದ ಪ್ರತಿಯೊಂದನ್ನು ಮೊದಲೇ ಬೇರೆಡೆ ಇಟ್ಟುಕೊಳ್ಳುವುದು ಒಳಿತು. ವಾಹನದ ಮಾಡ್ ಎಂಬುದು ಆಟ ಓದುವ ದತ್ತಾಂಶ ಕಡತ. ಅದಕ್ಕಾಗಿ ಬೇರೊಂದು ಆ್ಯಪ್ ಸ್ಥಾಪಿಸುವಂತೆ, ಸಂಪರ್ಕ ಪಟ್ಟಿ ಅಥವಾ ಸಂದೇಶಗಳನ್ನು ಓದಲು ಅನುಮತಿ ನೀಡುವಂತೆ ಯಾವುದೇ ತಾಣ ಕೇಳಿದರೆ ಅನುಮಾನಿಸಬೇಕು. ಮನೆಯ ಹಿರಿಯರ ಬ್ಯಾಂಕ್ ವ್ಯವಹಾರವೂ ನಡೆಯುವ ಮೊಬೈಲ್‌ನಲ್ಲಿ ಮಕ್ಕಳು ಆಡುವಾಗ ಈ ಎಚ್ಚರಿಕೆ ಇನ್ನಷ್ಟು ಅಗತ್ಯ.