ಹೈದರನ ಆರು ಸಾವಿರ ಕುದುರೆಗಳು

ಅಮೆರಿಕದಲ್ಲಿ ಓದುತ್ತಿರುವ ನನ್ನ ಅಕ್ಕನ ಮೊಮ್ಮಗ ಕಳೆದ ವಾರ ದೂರವಾಣಿಯಲ್ಲಿ ಒಂದು ವಿಚಿತ್ರ ಪ್ರಶ್ನೆ ಕೇಳಿದ. ಅವನ ಕಾಲೇಜಿನಲ್ಲಿ ಪೋಕರ್ ಪಂದ್ಯಾವಳಿಯಂತೆ. ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಿದ್ದರೂ ಇರುವಂತೆ ನಟಿಸಿ, ಮೊದಲ ಸುತ್ತುಗಳಲ್ಲಿಯೇ ದೊಡ್ಡ ಪಣ ಒಡ್ಡಿ ಎದುರಾಳಿಗಳನ್ನು ಹೆದರಿಸಬಹುದೇ ಎಂಬುದು ಅವನ ಜಿಜ್ಞಾಸೆ. ಚರಿತ್ರೆ ಬೋಧಿಸಿದವನನ್ನು ಕೇಳುವ ಪ್ರಶ್ನೆಯೇ ಇದು ಎಂದು ನಕ್ಕೆ. ಆದರೆ ರಾತ್ರಿ ಮಲಗಿದಾಗ ಹೈದರ್ ಅಲಿ ನೆನಪಾದ.

ನನ್ನ ತರಗತಿಯಲ್ಲಿ ಕುಳಿತವರಿಗೆ ಮೊದಲನೆಯ ಮೈಸೂರು ಯುದ್ಧದ ಇಸವಿಗಳು ಮರೆತಿರಲಾರವು: 1767ರಿಂದ 1769. ಯುದ್ಧ ಆರಂಭವಾದ ವರ್ಷವೇ ಹದಿಹರೆಯದ ಟಿಪ್ಪು ಅಶ್ವದಳದೊಂದಿಗೆ ಮದರಾಸಿನ ಹೊರವಲಯಕ್ಕೆ ನುಗ್ಗಿ ಕಂಪನಿಯ ಅಧಿಕಾರಿಗಳ ತೋಟದ ಮನೆಗಳನ್ನು ಸೂರೆಗೊಂಡ. ಊರು ತಲ್ಲಣಿಸಿತು, ನಿಜ. ಆದರೆ ಸೆಪ್ಟೆಂಬರಿನಲ್ಲಿ ಹೈದರ್ ಮತ್ತು ನಿಜಾಮರ ಸೈನ್ಯ ತಿರುವಣ್ಣಾಮಲೈಯಲ್ಲಿ ಸೋತ ಸುದ್ದಿ ಬಂದೊಡನೆ ಟಿಪ್ಪು ಹಿಂದಿರುಗಬೇಕಾಯಿತು. ಕೋಟೆಯೊಳಗಿದ್ದವರು ಒಂದು ಷರತ್ತನ್ನೂ ಒಪ್ಪಲಿಲ್ಲ. ಅವರ ಬೊಕ್ಕಸವಿನ್ನೂ ಬರಿದಾಗಿರಲಿಲ್ಲ, ಸೈನ್ಯ ದಣಿದಿರಲಿಲ್ಲ. (ನಿಜಾಮನಂತೂ ಇಂಗ್ಲಿಷರೊಂದಿಗೆ ಬಂದು, ಹೈದರನ ಪಕ್ಕಕ್ಕೆ ಸರಿದು, 1768ರಲ್ಲಿ ಪುನಃ ಇಂಗ್ಲಿಷರ ಕಡೆ ಸೇರಿದ. ಅಂಥವರೊಡನೆ ಇಸ್ಪೀಟು ಆಡಬಾರದು!)

ಆಟದ ನಿಯಮಗಳನ್ನು ಹುಡುಗನಿಂದಲೇ ಕೇಳಿ ತಿಳಿದೆ. ಪಂದ್ಯಾವಳಿಯ ಆರಂಭದಲ್ಲಿ ಎಲ್ಲರ ಬಳಿಯೂ ಬಿಲ್ಲೆಗಳು ಹೇರಳ. ಕಡ್ಡಾಯವಾಗಿ ಹಾಕಬೇಕಾದ ಪಣ ಅಲ್ಪ. ಹೊತ್ತು ಕಳೆದಂತೆ ಅದು ಏರುತ್ತದೆ. ಅಂದಮೇಲೆ ಮೊದಲಲ್ಲಿ ಹೆದರಿಸಿ ಗೆದ್ದರೂ ದಕ್ಕುವುದು ಪುಡಿಗಾಸು. ಸಿಕ್ಕಿಬಿದ್ದರೆ ಹೋಗುವುದು ಗಂಟು. ಬಹುಮಾನದ ಹೊಸ್ತಿಲಿಗೆ ಬಂದಾಗಲೇ ಎದುರಾಳಿಗೆ ಹೊರಬೀಳುವ ಭಯ ಹುಟ್ಟುವುದು.

ಹೈದರ್ ಕಾದದ್ದು ಆ ಭಯಕ್ಕಾಗಿ. 1768ರ ಕೊನೆಯಲ್ಲಿ ಬಾರಾಮಹಲ್, ಕೊಯಮತ್ತೂರು ಪ್ರಾಂತ್ಯಗಳ ಕೋಟೆಗಳನ್ನು ಒಂದೊಂದಾಗಿ ಮರಳಿ ಪಡೆದ. ಅವು ನಟನೆಯಲ್ಲ, ನಿಜವಾದ ಎಲೆಗಳು. ಆನಂತರ, 1769ರ ಮಾರ್ಚಿನಲ್ಲಿ, ಮುಖ್ಯ ಸೈನ್ಯವನ್ನೂ ಫಿರಂಗಿಗಳನ್ನೂ ಘಟ್ಟದ ಮೇಲಕ್ಕೆ ಕಳುಹಿಸಿ, ಸುಮಾರು ಆರು ಸಾವಿರ ಆಯ್ದ ಕುದುರೆ ಸವಾರರೊಂದಿಗೆ ಮೂರೂವರೆ ದಿನಗಳಲ್ಲಿ 130 ಮೈಲಿ ಕ್ರಮಿಸಿ ಮದರಾಸಿನ ಬಾಗಿಲಲ್ಲಿ ಪ್ರತ್ಯಕ್ಷನಾದ. ಫಿರಂಗಿಯಿಲ್ಲದೆ ಸೇಂಟ್ ಜಾರ್ಜ್ ಕೋಟೆಯನ್ನು ಭೇದಿಸುವುದು ಅಸಾಧ್ಯ. ಹಿಂದಿನಿಂದ ಕರ್ನಲ್ ಸ್ಮಿತ್‌ನ ಸೈನ್ಯ ಬೆನ್ನಟ್ಟಿ ಬರುತ್ತಿತ್ತು. ಆದರೂ ಸ್ಮಿತ್ ನಿಂತಲ್ಲೇ ನಿಲ್ಲಲಿ, ಡ್ಯೂಪ್ರೆ ಮಾತುಕತೆಗೆ ಬರಲಿ ಎಂದು ಆತ ಆಜ್ಞಾಪಿಸುವ ಧಾಟಿಯಲ್ಲಿ ಹೇಳಿ ಕಳುಹಿಸಿದ. ಕೌನ್ಸಿಲ್ ಎರಡಕ್ಕೂ ತಲೆಬಾಗಿತು. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸುವುದು, ಒಬ್ಬರ ಮೇಲೆ ಶತ್ರು ಬಿದ್ದರೆ ಇನ್ನೊಬ್ಬರು ನೆರವಾಗುವುದು ಎಂದು ಒಪ್ಪಂದವಾಯಿತು. ಆ ವರ್ಷ ಲಂಡನ್ನಿನಲ್ಲಿ ಕಂಪನಿಯ ಷೇರುಗಳೂ ಕುಸಿದವು.

ಪಾಠ ಹೇಳುವಾಗ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಅದು ನನ್ನ ತಪ್ಪು. 1771ರ ಮಾರ್ಚಿನಲ್ಲಿ, ನಮ್ಮ ಪಾಂಡವಪುರದ ಬಳಿಯ ಚಿನಕುರಳಿಯಲ್ಲಿ, ಮರಾಠರು ಹೈದರನ ಸೈನ್ಯವನ್ನು ನುಚ್ಚುನೂರು ಮಾಡಿದರು. ಆತ ಶ್ರೀರಂಗಪಟ್ಟಣಕ್ಕೆ ಓಡಿ ಜೀವ ಉಳಿಸಿಕೊಂಡ. ಮದರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಹೆದರಿ ಹಾಕಿದ ರುಜುವನ್ನು ಹೆದರಿಕೆ ತೀರಿದ ಮೇಲೆ ಅವರು ಏಕೆ ಗೌರವಿಸಿಯಾರು? ಆ ಕಹಿಯನ್ನು ಆತ ಮರೆಯಲಿಲ್ಲ. 1780ರಲ್ಲಿ ಮತ್ತೆ ಕರ್ನಾಟಿಕ್ ಪ್ರಾಂತ್ಯದ ಮೇಲೆ ಇಳಿದ.

ಇನ್ನೊಂದು ಸಂಗತಿಯನ್ನು ಹುಡುಗನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಚಿಕ್ಕವನಿದ್ದಾಗ ಮಂಡಿ ಮೊಹಲ್ಲಾದ ಒಂದು ಅಟ್ಟದ ಮೇಲೆ ದೀಪಾವಳಿಯ ರಾತ್ರಿ ಮೂರೆಲೆ ಆಟ ನಡೆಯುತ್ತಿತ್ತು. ನಮ್ಮ ತಂದೆ ಎಲೆ ನೋಡದೆಯೇ, ಬ್ಲೈಂಡ್ ಎಂದು, ಮೊದಲ ಕೈಗಳಿಂದಲೇ ಪಣ ಏರಿಸುತ್ತಿದ್ದರು. ಎದುರಿಗಿದ್ದವರು ಧಾನ್ಯದ ಸಗಟು ವರ್ತಕರು. ಹಣಕ್ಕೆ ಕೊರತೆಯಿಲ್ಲದವರು, ಅವರು ಯಾಕೆ ಹೆದರಿಯಾರು? ಬೆಳಗಿನ ಜಾವ ತಂದೆ ಮನೆಗೆ ಬಂದು ಅಮ್ಮನ ಎರಡು ಬಳೆಗಳನ್ನು ಕೇಳಿದರು. ಅಮ್ಮ ಮಾತಿಲ್ಲದೆ, ಸೋಪಿನ ನೀರು ಹಚ್ಚಿ, ಕಳಚಿ ಕೊಟ್ಟಳು. ಆ ಮೇಲೆ ಆಕೆ ತೊಟ್ಟದ್ದು ಗಾಜಿನ ಬಳೆ ಮಾತ್ರ.

ಕೊನೆಗೆ ಹೇಳಿದೆ. ಆ ಕಡೆಯಿಂದ ಕೊಂಚ ಹೊತ್ತು ಸದ್ದಿಲ್ಲ. "ನಮ್ಮದು ದುಡ್ಡಿನ ಆಟ ಅಲ್ಲ ತಾತ, ಗೆದ್ದರೆ ಒಂದು ಟೀ ಷರ್ಟು" ಎಂದ. ಪಂದ್ಯ ಬರುವ ಶನಿವಾರ.