ಎಬೋಲಾ ಹರಡಿದ್ದು ಹಳ್ಳಿಗರ ಮೂಢನಂಬಿಕೆಯಿಂದಲೇ?

ಆಫ್ರಿಕಾದ ಯಾವುದೋ ದೇಶದಲ್ಲಿ ಎಬೋಲಾ ಕಾಣಿಸಿಕೊಂಡ ಸುದ್ದಿ ಬಂತೆಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಧಾಟಿಯ ಮೆಸೇಜುಗಳು ಓಡಾಡತೊಡಗುತ್ತವೆ. ಅಲ್ಲಿಯ ಜನ ಹೆಣ ತಬ್ಬಿಕೊಂಡು ಅಳುತ್ತಾರೆ, ಡಾಕ್ಟರುಗಳಿಗೆ ಕಲ್ಲು ಹೊಡೆಯುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ, ಅದಕ್ಕೇ ಸಾಯುತ್ತಾರೆ ಎನ್ನುವುದು ಅವುಗಳ ತಿರುಳು. ಜೊತೆಗೆ ಬಿಳಿ ಸೂಟು ತೊಟ್ಟವರು ಶವ ಹೊತ್ತೊಯ್ಯುವ ಒಂದು ಫೋಟೋ.

ಇದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜವನ್ನು ನಂಬುವುದು ಸುಲಭವಾದ್ದರಿಂದ ಉಳಿದರ್ಧವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಇಲ್ಲಿ ನಾವು ಮುಖ್ಯವಾಗಿ ಮಾತಾಡುತ್ತಿರುವುದು ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ದೇಶಗಳನ್ನು 2014ರಿಂದ 2016ರವರೆಗೆ ಕಾಡಿದ ಪಿಡುಗಿನ ಬಗ್ಗೆ. 28,600ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ, 11,300ಕ್ಕೂ ಹೆಚ್ಚು ಜನ ಸತ್ತರು. ಎಬೋಲಾದ ಇತಿಹಾಸದಲ್ಲೇ ಇದು ಅತಿ ದೊಡ್ಡದು.

ಮೊದಲು, ನಿಜವಿರುವ ಭಾಗ

ಎಬೋಲಾ ನೆಗಡಿಯಂತೆ ಗಾಳಿಯಲ್ಲಿ ಹರಡುವುದಿಲ್ಲ. ರೋಗಿಯ ರಕ್ತ, ವಾಂತಿ, ಭೇದಿ, ಬೆವರು ಇವುಗಳನ್ನು ಮುಟ್ಟಿದವರಿಗೆ ಹರಡುತ್ತದೆ. (ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ರಕ್ತಸ್ರಾವದ ಜ್ವರಗಳ ಗುಂಪಿಗೇ ಸೇರಿದ್ದು. ಆದರೆ ಅದು ಉಣ್ಣೆ ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.) ರೋಗಿ ಸಾಯುವ ಹೊತ್ತಿಗೆ ಮೈಯಲ್ಲಿ ವೈರಸ್ ಪ್ರಮಾಣ ಅತಿ ಹೆಚ್ಚಿರುತ್ತದೆ, ಸತ್ತ ಮೇಲೂ ಹಲವು ದಿನ ಅದು ಜೀವಂತವಾಗಿರಬಲ್ಲದು. ಹಾಗಾಗಿ ಶವಕ್ಕೆ ಸ್ನಾನ ಮಾಡಿಸುವುದು, ಬಟ್ಟೆ ಉಡಿಸುವುದು, ಮುಟ್ಟಿ ಬೀಳ್ಕೊಡುವುದು ಅಪಾಯ. 2014ರಲ್ಲಿ ಸಿಯೆರಾ ಲಿಯೋನ್‌ನ ಗಡಿ ಹಳ್ಳಿಯೊಂದರಲ್ಲಿ ಹೆಸರಾಂತ ನಾಟಿ ವೈದ್ಯೆಯೊಬ್ಬರು ಎಬೋಲಾದಿಂದ ತೀರಿಕೊಂಡರು. ಅವರ ಅಂತ್ಯಕ್ರಿಯೆಯೊಂದರಿಂದಲೇ 365ರಷ್ಟು ಸಾವುಗಳ ಸರಪಳಿ ಹುಟ್ಟಿರಬಹುದು ಎಂದು ಸ್ಥಳೀಯ ಆರೋಗ್ಯ ಅಧಿಕಾರಿಗಳು ಅಂದಾಜಿಸಿದ್ದರು.

ಆದರೆ ಇದಕ್ಕೆ ಮೂಢನಂಬಿಕೆ ಎಂದು ಹೆಸರಿಡುವ ಮುಂಚೆ ಒಂದು ಕ್ಷಣ ನಿಲ್ಲಿ. ಶವಕ್ಕೆ ಸ್ನಾನ ಮಾಡಿಸುವುದು, ಹೊಸ ಬಟ್ಟೆ ಹೊದಿಸುವುದು ನಮ್ಮ ಮನೆಗಳಲ್ಲೂ ನಡೆಯುವುದೇ. ಕೋವಿಡ್ ಕಾಲದಲ್ಲಿ ಅಪ್ಪ ಅಮ್ಮನ ಮುಖವನ್ನು ಕೊನೆಯ ಬಾರಿ ನೋಡಲಾಗದೆ ಒದ್ದಾಡಿದವರು ನಮ್ಮ ಓದುಗರಲ್ಲೂ ಇದ್ದೀರಿ.

ಜನ ಯಾಕೆ ಮಾತು ಕೇಳಲಿಲ್ಲ?

ಅವರಿಗೆ ಹೇಳಿದ ಮಾತೇ ಹಾಗಿತ್ತು. ಮೊದಲ ತಿಂಗಳುಗಳ ಪೋಸ್ಟರು, ರೇಡಿಯೋ ಪ್ರಚಾರಗಳು ಸಾರಿದ್ದು ಎರಡು ವಿಷಯ: ಕಾಡುಪ್ರಾಣಿಯ ಮಾಂಸ ತಿನ್ನಬೇಡಿ, ಮತ್ತು ಎಬೋಲಾಗೆ ಮದ್ದಿಲ್ಲ. ಅಷ್ಟು ಹೊತ್ತಿಗೆ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿತ್ತು, ಮಾಂಸದ ಮಾತಿನಿಂದ ಹೆಚ್ಚು ಪ್ರಯೋಜನವಿರಲಿಲ್ಲ. ಇನ್ನು, ಮದ್ದೇ ಇಲ್ಲ ಎಂದಮೇಲೆ ಆಸ್ಪತ್ರೆಗೆ ಹೋಗುವುದಾದರೂ ಯಾಕೆ? ಮನೆಯಲ್ಲೇ ತಮ್ಮವರ ನಡುವೆ ಸಾಯುವುದು ಮೇಲು ಎಂದು ಜನ ಲೆಕ್ಕ ಹಾಕಿದರು. ಕೇಳಿದ ಮಾತಿಗೆ ಅದು ಸರಿಯಾದ ಲೆಕ್ಕವೇ ಆಗಿತ್ತು.

ಆಸ್ಪತ್ರೆಗಳ ಸ್ಥಿತಿಯೂ ಧೈರ್ಯ ತುಂಬುವಂತಿರಲಿಲ್ಲ. ಪಿಡುಗಿಗೆ ಮುಂಚೆ ಈ ಮೂರು ದೇಶಗಳಲ್ಲಿ ಸುಮಾರು 1 ಲಕ್ಷ ಜನರಿಗೆ ಒಬ್ಬರೋ ಇಬ್ಬರೋ ವೈದ್ಯರಿದ್ದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗ್ಲೌಸು, ನೀರು, ಸೋಪು ಇಲ್ಲದ ಕಡೆ ಆಸ್ಪತ್ರೆಯೇ ಸೋಂಕಿನ ಮೂಲವಾಯಿತು. 800ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಗೆ ರೋಗ ತಗುಲಿ, 500ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮನೆಯವರನ್ನು ಆಂಬುಲೆನ್ಸ್ ಒಯ್ಯುತ್ತಿತ್ತು, ಆಮೇಲೆ ಬದುಕಿದರೋ ಸತ್ತರೋ, ಎಲ್ಲಿ ಮಣ್ಣು ಮಾಡಿದರೋ ಎಷ್ಟೋ ಕುಟುಂಬಗಳಿಗೆ ತಿಳಿಯುತ್ತಿರಲಿಲ್ಲ. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಸರ್ಕಾರ ಶವಗಳನ್ನು ಸುಡಲು ಆದೇಶಿಸಿತು. ಹೂಳುವ ಪದ್ಧತಿಯ ಜನಕ್ಕೆ ಅದು ಸಹಿಸಲಾಗದ ಮಾತು, ಸಾವುಗಳನ್ನೇ ಮುಚ್ಚಿಡತೊಡಗಿದರು.

ಹಿಂಸೆಯೂ ನಡೆಯಿತು, ಅದನ್ನು ನಾವು ಮರೆಮಾಚುವುದಿಲ್ಲ. ಗಿನಿಯ ವೋಮೆ ಎಂಬ ಊರಲ್ಲಿ 2014ರ ಸೆಪ್ಟೆಂಬರ್‌ನಲ್ಲಿ, ತಿಳಿವಳಿಕೆ ನೀಡಲು ಹೋದ ತಂಡದ 8 ಜನರನ್ನು ಕೊಂದು ಹಾಕಿದರು. ಇದನ್ನು ಯಾವ ಕಾರಣವೂ ಸಮರ್ಥಿಸುವುದಿಲ್ಲ.

ಗಾಳಿಸುದ್ದಿ ನಂಬುವುದು ಹಳ್ಳಿಗರ ಜಾಯಮಾನ ಎನ್ನುವವರಿಗೆ ಒಂದು ವಿಷಯ. ಅದೇ 2014ರ ಆಗಸ್ಟ್‌ನಲ್ಲಿ ನೈಜೀರಿಯಾದಲ್ಲಿ, ಉಪ್ಪುನೀರು ಕುಡಿದರೆ, ಉಪ್ಪುನೀರಲ್ಲಿ ಮಿಂದರೆ ಎಬೋಲಾ ಬರುವುದಿಲ್ಲ ಎಂಬ ಸುದ್ದಿ ಹಬ್ಬಿತು. ಅದನ್ನು ಹೊತ್ತು ತಿರುಗಿದ್ದು ಮೊಬೈಲ್ ಮೆಸೇಜುಗಳು, ಸೋಷಿಯಲ್ ಮೀಡಿಯಾ. ಉಪ್ಪುನೀರು ಕುಡಿದು ಕನಿಷ್ಠ ಇಬ್ಬರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಬೇಕಾಯಿತು. ಆ ಪಿಡುಗಿನಲ್ಲಿ ನೈಜೀರಿಯಾದಲ್ಲಿ ಎಬೋಲಾದಿಂದಲೇ ಸತ್ತವರು 8 ಮಂದಿ.

ಶವಸಂಸ್ಕಾರದ ನಿಯಮ ಬದಲಾದಾಗ

ಗಿನಿಯಲ್ಲಿ ನಡೆದ ಒಂದು ಘಟನೆ ಕೇಳಿ. ಗರ್ಭಿಣಿಯೊಬ್ಬಳು ಎಬೋಲಾದಿಂದ ಸತ್ತಳು. ಅಲ್ಲಿನ ಕಿಸ್ಸಿ ಜನರ ಪದ್ಧತಿಯಂತೆ ಮಗುವನ್ನು ಹೊಟ್ಟೆಯಿಂದ ತೆಗೆಯದೆ ಹೂಳುವಂತಿಲ್ಲ, ಹೂಳಿದರೆ ಊರಿಗೇ ಕೇಡು. ಆದರೆ ಆ ಶವವನ್ನು ಕೊಯ್ಯುವುದೆಂದರೆ ಕೊಯ್ಯುವವರಿಗೆ ಸಾವನ್ನು ಕರೆದಂತೆ. ವೈದ್ಯರು ಒಪ್ಪಲಿಲ್ಲ, ಊರವರು ಬಿಡಲಿಲ್ಲ. ಆಗ ಮಾನವಶಾಸ್ತ್ರಜ್ಞರೊಬ್ಬರು ಊರ ಹಿರಿಯರ ಜೊತೆ ಕೂತು ಮಾತಾಡಿದರು. ಇಂಥ ಸಂದರ್ಭಕ್ಕೆ ಪ್ರಾಯಶ್ಚಿತ್ತದ ಆಚರಣೆಯೊಂದು ಅವರ ಪದ್ಧತಿಯಲ್ಲೇ ಇತ್ತು. ಅದನ್ನು ಮಾಡಿಸಿದರು, ಖರ್ಚನ್ನು ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿತು. ಶವವನ್ನು ಕೊಯ್ಯದೆ, ಯಾರೂ ಬರಿಗೈಯಲ್ಲಿ ಮುಟ್ಟದೆ ಮಣ್ಣು ಮಾಡಲಾಯಿತು.

2014ರ ನವೆಂಬರ್‌ನಲ್ಲಿ ಸಂಸ್ಥೆ ತನ್ನ ನಿಯಮಾವಳಿಯನ್ನೇ ತಿದ್ದಿತು. ಕ್ರೈಸ್ತ, ಮುಸ್ಲಿಂ ಸಂಘಟನೆಗಳನ್ನೂ ಮಾನವಶಾಸ್ತ್ರಜ್ಞರನ್ನೂ ಕೂರಿಸಿಕೊಂಡು ಬರೆದ ಹೊಸ ನಿಯಮಗಳವು. ಶವಸಂಸ್ಕಾರದ ತಂಡ ಊರಿಗೆ ಬರುವಾಗಲೇ ರಕ್ಷಣಾ ಸೂಟು ತೊಟ್ಟಿರಬಾರದು. ಮೊದಲು ಮನೆಯವರನ್ನು ಕಂಡು, ದುಃಖದಲ್ಲಿ ಭಾಗಿಯಾಗಿ, ಮುಂದೇನು ಮಾಡುತ್ತೇವೆಂದು ವಿವರಿಸಿ, ಒಪ್ಪಿಗೆ ಪಡೆದು, ಆಮೇಲೆ ಸೂಟು ಹಾಕಿಕೊಳ್ಳಬೇಕು. ಮನೆಯವರು ದೂರದಿಂದ ನೋಡಬಹುದು, ಗುಂಡಿ ತೋಡಬಹುದು, ಪ್ರಾರ್ಥನೆ ಸಲ್ಲಿಸಬಹುದು. ಮುಸ್ಲಿಮರಾದರೆ ನೀರಿನ ಸ್ನಾನದ ಬದಲು ತಯಮ್ಮುಮ್ ಮಾಡಬಹುದು, ಬಿಳಿ ಬಟ್ಟೆ ಹೊದಿಸಬಹುದು. ಫಾರ್ವರ್ಡ್ ಆಗುವ ಆ ಫೋಟೋದಲ್ಲಿ ಸೂಟು ಮಾತ್ರ ಕಾಣುತ್ತದೆ, ಸೂಟು ಹಾಕುವ ಮುಂಚಿನ ಅರ್ಧ ಗಂಟೆಯ ಮಾತುಕತೆ ಕಾಣುವುದಿಲ್ಲ.

ಈ ಕೆಲಸದ ದೊಡ್ಡ ಪಾಲನ್ನು ಹೊತ್ತವರು ರೆಡ್ ಕ್ರಾಸ್‌ನ ಸ್ಥಳೀಯ ಸ್ವಯಂಸೇವಕರು, ಅಂದರೆ ಅದೇ ದೇಶಗಳ ಹುಡುಗರು, ಹುಡುಗಿಯರು. 47,000ಕ್ಕೂ ಹೆಚ್ಚು ಶವಗಳನ್ನು ಅವರು ಮಣ್ಣು ಮಾಡಿದರು. ಎಷ್ಟೋ ಊರುಗಳಲ್ಲಿ ಅವರನ್ನೂ ಜನ ದೂರವಿಟ್ಟರು. ಇದರಿಂದ ಎಷ್ಟು ಸೋಂಕು ತಪ್ಪಿತು? 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 1,411ರಿಂದ 10,452ರ ನಡುವೆ ಎಂದು ಅಂದಾಜು ಮಾಡಿತು. ಅಂತರ ದೊಡ್ಡದಿದೆ, ಒಪ್ಪುತ್ತೇವೆ. ಆದರೆ ಕಡಿಮೆ ಅಂದಾಜನ್ನೇ ಹಿಡಿದರೂ ಸಾವಿರಕ್ಕೆ ಮೀರಿದ ಲೆಕ್ಕ ಅದು.

ಇನ್ನೊಂದು ಪಕ್ಕದಲ್ಲಿ ಈ ಸಂಖ್ಯೆಯನ್ನಿಡಿ. ಅಮೆರಿಕದ ಸೇನೆ ಲೈಬೀರಿಯಾದಲ್ಲಿ 11 ಚಿಕಿತ್ಸಾ ಕೇಂದ್ರಗಳನ್ನು ಕಟ್ಟಿಸಿತು. ಅವುಗಳಲ್ಲಿ ಚಿಕಿತ್ಸೆ ಪಡೆದ ಎಬೋಲಾ ರೋಗಿಗಳು ಒಟ್ಟು 28. ಒಂಬತ್ತು ಕೇಂದ್ರಗಳಿಗೆ ಒಬ್ಬ ರೋಗಿಯೂ ಬರಲಿಲ್ಲ. ಅವು ಸಿದ್ಧವಾಗುವ ಹೊತ್ತಿಗೆ ರೋಗ ಇಳಿಮುಖವಾಗಿತ್ತು.

ಕೇಸು ಹೆಚ್ಚಾಗುವುದು ಒಳ್ಳೆಯದೇ?

ಕೆಲವೊಮ್ಮೆ, ಹೌದು. 2012-13ರಲ್ಲಿ, ಎಬೋಲಾದ ಸುಳಿವೇ ಇಲ್ಲದಾಗ, ಸಿಯೆರಾ ಲಿಯೋನ್‌ನ 254 ಸರ್ಕಾರಿ ಕ್ಲಿನಿಕ್‌ಗಳಲ್ಲಿ ಸಂಶೋಧಕರು ಒಂದು ಪ್ರಯೋಗ ನಡೆಸಿದ್ದರು. ಗರ್ಭಿಣಿಯರಿಗೆ, ಬಾಣಂತಿಯರಿಗೆ, 5 ವರ್ಷದೊಳಗಿನ ಮಕ್ಕಳಿಗೆ ಚಿಕಿತ್ಸೆ ಉಚಿತ ಎಂದು ಸರ್ಕಾರ 2010ರಲ್ಲೇ ಘೋಷಿಸಿತ್ತು, ಆದರೂ ಕೈಬಿಸಿ ಮಾಡಬೇಕಾದ ಕಡೆಗಳಿದ್ದವು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಕ್ಲಿನಿಕ್‌ಗಳಲ್ಲಿ ಊರವರನ್ನೂ ಸಿಬ್ಬಂದಿಯನ್ನೂ ಎದುರುಬದುರು ಕೂರಿಸಿದರು. ಕ್ಲಿನಿಕ್ ಹೇಗೆ ನಡೆಯುತ್ತಿದೆ ಎಂಬ ಅಂಕಪಟ್ಟಿ ಮುಂದಿಟ್ಟು, ಯಾರು ಏನು ಮಾಡಬೇಕೆಂದು ಇಬ್ಬರೂ ಸೇರಿ ಒಪ್ಪಂದ ಬರೆದುಕೊಂಡರು. ಇನ್ನು ಕೆಲವು ಕಡೆ ಚೆನ್ನಾಗಿ ಕೆಲಸ ಮಾಡಿದ ಸಿಬ್ಬಂದಿಗೆ ಪ್ರಶಸ್ತಿ ಕೊಟ್ಟರು, ಹಣವಲ್ಲ, ಮನ್ನಣೆ ಮಾತ್ರ. ಉಳಿದ ಕಡೆ ಏನೂ ಮಾಡಲಿಲ್ಲ.

ಆಮೇಲೆ ಎಬೋಲಾ ಬಂತು. ಸಭೆ, ಪ್ರಶಸ್ತಿ ನಡೆದಿದ್ದ ಕ್ಲಿನಿಕ್‌ಗಳ ಸುತ್ತ ದಾಖಲಾದ ಎಬೋಲಾ ಪ್ರಕರಣಗಳು ಉಳಿದ ಕಡೆಗಿಂತ 62% ಹೆಚ್ಚು! ಇಷ್ಟನ್ನೇ ಕತ್ತರಿಸಿ ಫಾರ್ವರ್ಡ್ ಮಾಡಿದರೆ ಸಭೆ ನಡೆಸಿದ್ದೇ ರೋಗಕ್ಕೆ ಕಾರಣ ಎಂದಾಗುತ್ತದೆ. ಆದರೆ ಅಲ್ಲಿ ರೋಗಿಗಳ ಸಾವಿನ ಪ್ರಮಾಣ ಕಡಿಮೆ ಇತ್ತು, ಊರವರ ಸಭೆ ನಡೆದ ಕಡೆ ಇದು ಹೆಚ್ಚು ಸ್ಪಷ್ಟವಾಗಿತ್ತು. 2021ರಲ್ಲಿ ಪ್ರಕಟವಾದ ಈ ಅಧ್ಯಯನದ ಲೇಖಕರ ವಿವರಣೆ ಹೀಗಿದೆ: ಕ್ಲಿನಿಕ್ ಮೇಲೆ ನಂಬಿಕೆ ಇದ್ದವರು ಜ್ವರ ಬಂದಾಗ ಮುಚ್ಚಿಡದೆ ಬಂದು ತೋರಿಸಿಕೊಂಡರು. ಬೇಗ ಬಂದವರಿಗೆ ಬದುಕುವ ಅವಕಾಶ ಹೆಚ್ಚು, ಮನೆಯಲ್ಲಿ ಇತರರಿಗೆ ಅಂಟಿಸುವುದೂ ಕಡಿಮೆ. ಬಚ್ಚಿಟ್ಟ ಜ್ವರ ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ಹಾಗಾದರೆ ಎಲ್ಲ ಕಡೆ ಸಭೆ ನಡೆಸಿದರೆ ಸಾಕೇ?

ಸಾಲದು. ಉಗಾಂಡಾದ 50 ಗ್ರಾಮೀಣ ಚಿಕಿತ್ಸಾಲಯಗಳಲ್ಲಿ ಇಂಥದ್ದೇ ಪ್ರಯೋಗ ನಡೆದು, 5 ವರ್ಷದೊಳಗಿನ ಮಕ್ಕಳ ಸಾವು 33% ಇಳಿಯಿತೆಂದು 2009ರಲ್ಲಿ ವರದಿಯಾದಾಗ ಜಗತ್ತೇ ಬೆರಗಾಯಿತು. ಅದನ್ನೇ ಆಮೇಲೆ ಉಗಾಂಡಾದಲ್ಲೇ 376 ಕೇಂದ್ರಗಳಲ್ಲಿ ಮತ್ತೆ ಪರೀಕ್ಷಿಸಿದರು. ಚಿಕಿತ್ಸೆಯ ಗುಣಮಟ್ಟ, ರೋಗಿಗಳ ಸಮಾಧಾನ ಸ್ವಲ್ಪ ಹೆಚ್ಚಿತು, ಮಕ್ಕಳ ಸಾವು ಮಾತ್ರ ಇಳಿಯಲಿಲ್ಲ. ಔಷಧಿ ಇಲ್ಲದ, ನರ್ಸ್ ಇಲ್ಲದ ಕ್ಲಿನಿಕ್ಕನ್ನು ಬರಿಯ ಸಭೆಯಿಂದ ಸರಿಪಡಿಸಲಾಗದು ಎಂಬುದು ನಮ್ಮ ಅಭಿಪ್ರಾಯ. ಜನರ ಪಾಲ್ಗೊಳ್ಳುವಿಕೆಯ ಹೆಸರಲ್ಲಿ ಸರ್ಕಾರದ ಹೊಣೆಯನ್ನು ಊರವರ ಹೆಗಲಿಗೆ ಜಾರಿಸುವ ಅಪಾಯವೂ ಇದೆ.

ಇತ್ತ, ಔಷಧಿ ಇದ್ದೂ ನಂಬಿಕೆ ಇಲ್ಲದಿದ್ದರೆ? 2018ರಲ್ಲಿ ಕಾಂಗೋ ದೇಶದ ಪೂರ್ವ ಭಾಗದಲ್ಲಿ ಎಬೋಲಾ ಹಬ್ಬಿದಾಗ ಕೈಯಲ್ಲಿ ಲಸಿಕೆ ಇತ್ತು. ವರ್ಷಗಳಿಂದ ಕಾದಾಟ ನಡೆಯುತ್ತಿದ್ದ ಪ್ರದೇಶ ಅದು. ಬೇನಿ ಮತ್ತು ಬುಟೆಂಬೊ ಊರುಗಳಲ್ಲಿ 961 ಜನರನ್ನು ಮಾತಾಡಿಸಿದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರು ಎಬೋಲಾ ಎಂಬುದೇ ಸುಳ್ಳು ಎಂದರು. ಸ್ಥಳೀಯ ಅಧಿಕಾರಿಗಳು ತಮ್ಮ ಹಿತ ಕಾಯುತ್ತಾರೆಂದು ನಂಬಿದವರು ಮೂವರಲ್ಲಿ ಒಬ್ಬರಿಗಿಂತ ಕಡಿಮೆ. ಹಾಗೆ ನಂಬದವರು ಲಸಿಕೆ ಹಾಕಿಸಿಕೊಳ್ಳಲು, ಆಸ್ಪತ್ರೆಗೆ ಹೋಗಲು ಒಪ್ಪುವ ಸಾಧ್ಯತೆಯೂ ಕಡಿಮೆ ಇತ್ತು. ಆ ಪಿಡುಗು ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು, 2,200ಕ್ಕೂ ಹೆಚ್ಚು ಜನ ಸತ್ತರು.